ದಿಗ್ಬಂಧನದಿಂದ ಕದನ ವಿರಾಮಕ್ಕೆ: ಒಂದು ಹಳೆಯ ನಂಬಿಕೆಯ ಹಿನ್ನೆಲೆ

ಮಾಹುಲದ ತೈಲ ಸಂಸ್ಕರಣಾಗಾರಗಳಿಗೆ ರಷ್ಯಾದ ಕಚ್ಚಾತೈಲ ತರಿಸಬಹುದೇ, ಬಾಂದ್ರಾ-ಕುರ್ಲಾ ಸಂಕೀರ್ಣದ ವಜ್ರ ಮಾರುಕಟ್ಟೆಯಿಂದ ಆ ದೇಶದ ಹರಳು ಯುರೋಪಿಗೆ ಹೋದೀತೇ ಎಂಬ ಪ್ರಶ್ನೆಗಳು ಉಕ್ರೇನ್ ಯುದ್ಧ ತೊಡಗಿ, ಪಾಶ್ಚಾತ್ಯ ದೇಶಗಳು ರಷ್ಯಾಕ್ಕೆ ನಿರ್ಬಂಧ ಹೇರಿದಂದಿನಿಂದ ಮುಂಬಯಿಯ ವ್ಯಾಪಾರಿಗಳನ್ನು ಕಾಡಿವೆ. ಹಣ, ಎಣ್ಣೆ, ಸಾಗಣೆಗಳನ್ನು ತಡೆದರೆ ಬಂದೂಕು ಕೆಳಗಿಳಿಯುತ್ತದೆಂಬ ನಂಬಿಕೆಯಾದರೋ ಬಹಳ ಹಳೆಯದು.

1935ರಲ್ಲಿ ಇಥಿಯೋಪಿಯದ ಮೇಲೆ ದಂಡೆತ್ತಿದ ಇಟಲಿಗೆ, ವಿಶ್ವಸಂಸ್ಥೆಗೆ ಮುಂಚಿನ ರಾಷ್ಟ್ರಗಳ ಕೂಟವಾದ ಲೀಗ್ ಆಫ್ ನೇಷನ್ಸ್ ನಿರ್ಬಂಧ ಹೇರಿತಾದರೂ ತೈಲವನ್ನು ಪಟ್ಟಿಯಿಂದ ಕೈಬಿಟ್ಟಿತು; ಮರುವರ್ಷದ ಮೇ ತಿಂಗಳಲ್ಲಿ ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬ ಬಿದ್ದಿತು. ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲ್‌ಗಳು ಈಜಿಪ್ಟಿನ ಮೇಲೆ ಹೂಡಿದ 1956ರ ಯುದ್ಧದಲ್ಲಿ, ಕುಸಿಯುತ್ತಿದ್ದ ಪೌಂಡಿಗೆ ಆಸರೆಯಾಗಲು ಅಮೆರಿಕ ನಿರಾಕರಿಸಿದ್ದು ಬ್ರಿಟನ್ ನವೆಂಬರ್ 6ರ ನಡುರಾತ್ರಿ ಕದನ ವಿರಾಮಕ್ಕೆ ಒಪ್ಪಲು ಒಂದು ಮುಖ್ಯ ಕಾರಣ. ಅಲ್ಲಿ ಬೇಡಿಕೆ ಸ್ಪಷ್ಟವಾಗಿತ್ತು, ಹಿಂದೆ ಸರಿದರೆ ನೆರವು ಸಿಗುವುದೂ ಸ್ಪಷ್ಟವಾಗಿತ್ತು.

ಮುಂಬಯಿ ಕನ್ನಡಿಗರಿಗೆ ಹತ್ತಿರದ ನೆನಪು 1990ರದು. ಆಗಸ್ಟ್ 2ರಂದು ಇರಾಕ್ ಸೇನೆ ಕುವೈತನ್ನು ಹೊಕ್ಕಿತು. ನಾಲ್ಕೇ ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 661ನೆಯ ನಿರ್ಣಯ ಇರಾಕಿನ ಬಹುತೇಕ ಎಲ್ಲ ವ್ಯಾಪಾರವನ್ನು ನಿಲ್ಲಿಸಿತು. ಆ ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಹೆಚ್ಚಾಗಿ ಏರ್ ಇಂಡಿಯಾ ವಿಮಾನಗಳಲ್ಲಿ ಊರಿಗೆ ಮರಳಿದರು. ವರ್ಷಗಳ ದುಡಿಮೆಯನ್ನು ಕುವೈತಿನಲ್ಲೇ ಬಿಟ್ಟು ಸಹಾರ್ ನಿಲ್ದಾಣದಲ್ಲಿ ಇಳಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಐದೂವರೆ ತಿಂಗಳ ದಿಗ್ಬಂಧನಕ್ಕೆ ಇರಾಕ್ ಮಣಿಯಲಿಲ್ಲ. ಇನ್ನಷ್ಟು ಕಾಯಬೇಕಿತ್ತೆಂಬ ವಾದವನ್ನು ಬದಿಗಿಟ್ಟು 1991ರ ಜನವರಿ 17ರಂದು ಅಮೆರಿಕ ನೇತೃತ್ವದ ಬಾಂಬ್ ದಾಳಿ ಆರಂಭವಾಯಿತು. ಏಪ್ರಿಲ್ 3ರ 687ನೆಯ ನಿರ್ಣಯ ಕದನ ವಿರಾಮದ ಷರತ್ತುಗಳನ್ನು ವಿಧಿಸಿತು, ಆದರೆ ದಿಗ್ಬಂಧನವನ್ನು ತೆಗೆಯಲಿಲ್ಲ. ಕುವೈತ್ ಬಿಡುಗಡೆಗೆಂದು ಹೇರಿದ ನಿರ್ಬಂಧ ಈಗ ಇರಾಕಿನ ಶಸ್ತ್ರಾಸ್ತ್ರ ನಾಶಕ್ಕೆ ಗಂಟುಬಿದ್ದು 2003ರ ಮೇ ತಿಂಗಳವರೆಗೆ ಉಳಿಯಿತು. ಅಷ್ಟೂ ಕಾಲ ಔಷಧವಿಲ್ಲದೆ, ಶುದ್ಧ ನೀರಿಲ್ಲದೆ ನರಳಿದವರು ಯುದ್ಧದ ನಿರ್ಧಾರದಲ್ಲಿ ಯಾವ ಪಾಲೂ ಇಲ್ಲದ ಸಾಮಾನ್ಯರು. ಎಣ್ಣೆ ಮಾರಿ ಆಹಾರ ಕೊಳ್ಳುವ ವ್ಯವಸ್ಥೆ ಜಾರಿಗೆ ಬಂದದ್ದು 1996ರ ಕೊನೆಗೆ.

ಬೋಸ್ನಿಯ ಯುದ್ಧದಲ್ಲಿ ಪಾಠ ಬೇರೆಯಾಯಿತು. 1992ರ ಮೇ ತಿಂಗಳಿಂದ ನಿರ್ಬಂಧಕ್ಕೊಳಗಾಗಿದ್ದ ಬೆಲ್‌ಗ್ರೇಡ್, ಎಂದರೆ ಬೋಸ್ನಿಯದ ಸರ್ಬರ ಬೆನ್ನಿಗಿದ್ದ ಯುಗೊಸ್ಲಾವಿಯ ಸರಕಾರ, 1995ರ ನವೆಂಬರ್‌ನಲ್ಲಿ ಆ ಯುದ್ಧ ನಿಲ್ಲಿಸುವ ಡೇಟನ್ ಒಪ್ಪಂದಕ್ಕೆ ಬಂದಾಗ, ಮರುದಿನವೇ ಭದ್ರತಾ ಮಂಡಳಿ ಆರ್ಥಿಕ ನಿರ್ಬಂಧವನ್ನು ಅಮಾನತುಗೊಳಿಸಿತು. ನೇಟೊ ವಿಮಾನ ದಾಳಿಯೂ ರಣರಂಗದಲ್ಲಿ ಸರ್ಬರ ಸೋಲೂ ಅಲ್ಲಿ ಕೆಲಸ ಮಾಡಿದ್ದವು, ನಿಜ. ಆದರೂ ಒಪ್ಪಿದವರಿಗೆ ಸಿಗುವುದೇನೆಂಬುದು ಮೊದಲೇ ತಿಳಿದಿತ್ತು.

ರಷ್ಯಾದ ವಿಷಯದಲ್ಲಿ ಸುಮಾರು 30,000 ಕೋಟಿ ಡಾಲರ್‌ಗಳಷ್ಟು ಅದರ ವಿದೇಶೀ ಮೀಸಲು ನಿಧಿಯನ್ನು ತಡೆಹಿಡಿಯಲಾಯಿತು, 2022ರ ಡಿಸೆಂಬರ್‌ನಲ್ಲಿ ತೈಲಕ್ಕೆ ಬ್ಯಾರೆಲಿಗೆ 60 ಡಾಲರ್ ಮಿತಿ ವಿಧಿಸಲಾಯಿತು. ತೈಲವಾದರೋ ಭಾರತ, ಚೀನಾಗಳತ್ತ ತಿರುಗಿತು. ಅದನ್ನು ಕೊಂಡದ್ದಕ್ಕಾಗಿ 2025ರ ಆಗಸ್ಟ್ 27ರಿಂದ ಭಾರತದ ಸರಕಿಗೆ ಅಮೆರಿಕ ಶೇ. 25ರಷ್ಟು ಹೆಚ್ಚುವರಿ ಸುಂಕ ಹೇರಿದಾಗ, ಯುದ್ಧಕ್ಕೆ ಸಂಬಂಧವೇ ಇಲ್ಲದ ರಫ್ತುದಾರರೂ ಅವರ ಕೆಲಸಗಾರರೂ ಅದರ ಬಿಸಿ ಅನುಭವಿಸಿದರು. ಇತ್ತ ತಡೆಹಿಡಿದ ನಿಧಿಯನ್ನು ರಷ್ಯಾ ಯುದ್ಧಹಾನಿಗೆ ಪರಿಹಾರ ಕೊಡುವವರೆಗೆ ಬಿಡುವುದಿಲ್ಲವೆಂದು ಅಮೆರಿಕ ಸೇರಿದಂತೆ ಏಳು ಶ್ರೀಮಂತ ರಾಷ್ಟ್ರಗಳ ಕೂಟವಾದ ಜಿ-7 ದೇಶಗಳು ಘೋಷಿಸಿವೆ. ಉಕ್ರೇನಿನ ಹಾನಿಯನ್ನು ನೋಡಿದರೆ ಆ ಬೇಡಿಕೆ ನ್ಯಾಯವಾದದ್ದೇ, ಆದರೆ ಆ ಘೋಷಣೆಯಂತೆ ಗುಂಡಿನ ಸದ್ದು ನಿಂತ ಮಾತ್ರಕ್ಕೆ ಆ ಹಣ ಬಿಡುಗಡೆಯಾಗುವುದಿಲ್ಲ.