ಜೋಳಕ್ಕೆ ಮಾರ್ಚ್ 31 ಗೊತ್ತಿಲ್ಲ

ಸೆಪ್ಟೆಂಬರ್ ಕೊನೆಯ ವಾರ. ವಿಜಯಪುರದ ಎರೆ ಹೊಲಕ್ಕೆ ಒಳ್ಳೆ ಮಳೆ ಬಿದ್ದು ಮೂರು ದಿನ ಆಗಿತ್ತು. ನಮ್ಮ ಕೇಂದ್ರದಲ್ಲಿ ಹೊಲದ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು ನನ್ನ ಟೇಬಲ್ ಮುಂದೆ ಬಂದು ನಿಂತರು. "ಸಾಹೇಬ್ರ, ಬಿತ್ತಾಕ ಇನ್ನ ಎರಡ ದಿನ ಹದ ಐತ್ರಿ. ಆಳಿನ ಮಂಜೂರಿ ಯಾವಾಗ ಬರತೈತಿ?" ಅಂದರು. ಕಡತ ಅಕೌಂಟ್ಸ್‌ನಲ್ಲಿತ್ತು. ಅಲ್ಲಿಂದ ಬರೋಕೆ ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಮೇಲ್ಮಣ್ಣು ಒಣಗಿತ್ತು, ಜೋಳ ಅಲ್ಲೊಂದು ಇಲ್ಲೊಂದು ಹುಟ್ಟಿತು, ಆ ಪ್ರಯೋಗದ ಅಂಕಿಅಂಶ ಲೆಕ್ಕಕ್ಕೆ ಬರೋದಿಲ್ಲ ಅಂತ ವಿಜ್ಞಾನಿಗಳೇ ಬರೆದುಕೊಟ್ಟರು. ಒಂದು ಇಡೀ ವರ್ಷ ಹೋಯಿತು. ಕಡತದಲ್ಲಿ ಒಂದೂ ತಪ್ಪಿರಲಿಲ್ಲ.

ಸಂಶೋಧನಾ ಕೇಂದ್ರಗಳ ಆಡಳಿತವನ್ನು ಬಹಳ ವರ್ಷ ನೋಡಿಕೊಂಡವನು ನಾನು. ಆ ಕೆಲಸದ ಬಗ್ಗೆ ಯಾರು ಕೇಳಿದರೂ ಈ ಒಂಬತ್ತು ದಿನದ ಕಥೆಯನ್ನೇ ಮೊದಲು ಹೇಳುತ್ತೇನೆ. ದುಡ್ಡಿನ ವರ್ಷ ಏಪ್ರಿಲ್‌ನಿಂದ ಮಾರ್ಚ್. ನಮ್ಮ ಕಡೆಯ ಬೆಳೆಯ ವರ್ಷ ಬೇರೆಯೇ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ., ಅದರಲ್ಲೂ ಸೆಪ್ಟೆಂಬರ್ ಮಳೆಯೇ ಆಧಾರ. ಎರೆ ಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ತೇವದ ಮೇಲೇ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬರಬೇಕು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಜೋಳ ಬಿತ್ತಬೇಕು, ಫೆಬ್ರವರಿ ಹೊತ್ತಿಗೆ ಕೊಯ್ಲು. 1930ರ ದಶಕದಲ್ಲಿ ದೇಶದಲ್ಲಿ ಒಣ ಬೇಸಾಯದ ಸಂಶೋಧನೆಗೆ ಆರಿಸಿದ ಕೆಲವೇ ಜಾಗಗಳಲ್ಲಿ ಆಗಿನ ಬಿಜಾಪುರವೂ ಒಂದು. ಅಂದಿಗೂ ಇಂದಿಗೂ ಹದದ ದಿನ ಎರಡೋ ಮೂರೋ, ಅಷ್ಟೇ.

ಹಾಗಾಗಿ ಮರುವರ್ಷ ಏಪ್ರಿಲ್‌ನಲ್ಲಿ ವಿಜ್ಞಾನಿಗಳು, ಸ್ಟೋರ್ ಕೀಪರ್, ಅಕೌಂಟ್ಸ್‌ನವರು, ಹೊಲದ ಹಿರಿಯರು ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದೆ. ಬಜೆಟ್ ಮಾತು ಆಮೇಲೆ. ಮೊದಲು ಒಂದು ದೊಡ್ಡ ಹಾಳೆಯಲ್ಲಿ ಹೊಲದ ಕೆಲಸಗಳ ತಾರೀಖು ಬರೆದೆವು. ಪ್ರತಿ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತಾ ಬಂದೆವು. ಒಂದು ಉದಾಹರಣೆ ಹೇಳುತ್ತೇನೆ. ತಳಿ ಅಭಿವೃದ್ಧಿ ಮಾಡುವವರು ಹೂ ಬಿಡುವ ಮುಂಚೆಯೇ ಜೋಳದ ತೆನೆಗೆ ಕಾಗದದ ಚೀಲ ಹಾಕುತ್ತಾರೆ, ಇಲ್ಲದಿದ್ದರೆ ಪಕ್ಕದ ಸಾಲಿನ ಪರಾಗ ಬಂದು ಬೀಳುತ್ತದೆ, ತಳಿ ಶುದ್ಧವಾಗಿ ಉಳಿಯೋದಿಲ್ಲ. ಚೀಲದ ಬೆಲೆ ಏನೂ ಅಲ್ಲ. ಆದರೆ ಡಿಸೆಂಬರ್ ಮೊದಲ ವಾರ ಅದು ಕೈಯಲ್ಲಿ ಇಲ್ಲ ಅಂದರೆ ಆರೇಳು ವರ್ಷದಿಂದ ಕಾಪಾಡಿಕೊಂಡು ಬಂದ ಸಾಲುಗಳು ಕೈಬಿಟ್ಟು ಹೋಗಬಹುದು. ಅಂದರೆ ನವೆಂಬರ್‌ನಲ್ಲೇ ಸ್ಟೋರಿಗೆ ಬಂದಿರಬೇಕು, ಸೆಪ್ಟೆಂಬರ್‌ನಲ್ಲಿ ಆರ್ಡರ್ ಹೋಗಬೇಕು, ಆಗಸ್ಟ್‌ನಲ್ಲಿ ಕೊಟೇಶನ್, ಜುಲೈನಲ್ಲಿ ಇಂಡೆಂಟ್, ಅಂದರೆ ಬೇಕು ಅಂತ ಬರೆದುಕೊಡುವ ಬೇಡಿಕೆ. ಜುಲೈನಲ್ಲಿ ಚೀಲದ ನೆನಪು ಯಾರಿಗಿರುತ್ತದೆ? ಆಡಳಿತದವನಿಗೆ ಇರಬೇಕು. ಅದು ಅವನ ಕೆಲಸ.

ಆಳಿನ ಲೆಕ್ಕವೂ ಹೀಗೆಯೇ. ಎಳ್ಳಮಾವಾಸ್ಯೆ ದಿನ ಯಾರೂ ಕೆಲಸಕ್ಕೆ ಬರೋದಿಲ್ಲ, ಎಲ್ಲರೂ ತಮ್ಮ ತಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಕೊಯ್ಲು ಶುರುವಾದರೆ ಅಕ್ಕಪಕ್ಕದ ರೈತರಿಗೂ ಅದೇ ಆಳು ಬೇಕು, ಅವರು ಸಂಜೆಗೇ ಕೂಲಿ ಕೈಗೆ ಕೊಡುತ್ತಾರೆ. ನಮ್ಮದು ಮೊದಲು ಮಸ್ಟರ್ ರೋಲ್, ಅಂದರೆ ಆಳಿನ ಹಾಜರಿ ಪಟ್ಟಿ, ಆಮೇಲೆ ಬ್ಯಾಂಕ್ ಖಾತೆ. ಹದಿನೈದು ದಿನ ದಾಟಿದರೆ ಹೆಣ್ಣುಮಕ್ಕಳು ನಮ್ಮ ಗೇಟಿನ ಕಡೆ ತಲೆ ಹಾಕೋದಿಲ್ಲ, ಅದು ಸರಿಯಾದದ್ದೇ. ಮಸ್ಟರ್ ರೋಲನ್ನು ಶನಿವಾರವೇ ಮುಗಿಸಿ ಸೋಮವಾರ ಬಿಲ್ ಆಗಬೇಕು ಅಂತ ನಾವು ನಿಯಮ ಮಾಡಿಕೊಂಡೆವು.

ಇನ್ನು ಖರೀದಿ. ಹೊಸದಾಗಿ ಬಂದವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಮಗೆ ಯಾವ ನಿಯಮ? ರಾಜ್ಯದ ವಿಶ್ವವಿದ್ಯಾಲಯದ ಕೇಂದ್ರವಾದರೆ 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಖರೀದಿಯ ಪಾರದರ್ಶಕತೆಗೆ ಇರುವ ರಾಜ್ಯದ ಕಾನೂನು. ಕೇಂದ್ರ ಸರ್ಕಾರದ ಸಂಸ್ಥೆಯಾದರೆ 2017ರ ಜಿಎಫ್‌ಆರ್, ಅಂದರೆ ಸಾಮಾನ್ಯ ಹಣಕಾಸು ನಿಯಮಗಳು. ಕೇಂದ್ರದ ವಿಜ್ಞಾನ ಇಲಾಖೆಗಳ ಸಂಸ್ಥೆಗಳಿಗೆ 2025ರ ಜೂನ್‌ನಲ್ಲಿ ದೊಡ್ಡ ಸಡಿಲಿಕೆ ಸಿಕ್ಕಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ. ಇದನ್ನು ಓದಿದ ಕೂಡಲೇ ರಾಜ್ಯದ ಕೇಂದ್ರಗಳ ಯುವ ವಿಜ್ಞಾನಿಗಳು ಖುಷಿಯಿಂದ ಫೋನ್ ಮಾಡಿದರು. ನಿಮಗಿದು ತಾನಾಗಿಯೇ ಅನ್ವಯಿಸೋದಿಲ್ಲ, ಮೊದಲು ನಿಮ್ಮ ಹಣಕಾಸು ವಿಭಾಗದಲ್ಲಿ ಬರವಣಿಗೆಯಲ್ಲಿ ಕೇಳಿ ಅಂತ ಹೇಳಬೇಕಾಯಿತು. ಊಹೆಯ ಮೇಲೆ ಕೊಂಡರೆ ಆಡಿಟ್ ಪ್ಯಾರಾ, ಅಂದರೆ ಲೆಕ್ಕ ತಪಾಸಣೆಯ ಆಕ್ಷೇಪಣೆ, ಬರೋದು ವಿಜ್ಞಾನಿಯ ಹೆಸರಿಗೆ, ಮತ್ತು ಅದು ನಿವೃತ್ತಿಯವರೆಗೂ ಬೆನ್ನು ಬಿಡೋದಿಲ್ಲ.

ತೆರಿಗೆಯ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಂಶೋಧನಾ ಸಂಸ್ಥೆಗಳಿಗೆ ಉಪಕರಣಗಳ ಮೇಲೆ ಇದ್ದ 5% ಜಿಎಸ್‌ಟಿಯ ರಿಯಾಯಿತಿ ದರ 2022ರ ಜುಲೈ 18ರಿಂದ ಹೋಯಿತು. 10 ಲಕ್ಷದ ಉಪಕರಣಕ್ಕೆ 50 ಸಾವಿರ ತೆರಿಗೆ ಅಂತ ಬರೆದಿದ್ದ ಪ್ರಾಜೆಕ್ಟ್‌ನಲ್ಲಿ 18% ಲೆಕ್ಕಕ್ಕೆ 1.80 ಲಕ್ಷ ಕಟ್ಟಬೇಕಾಯಿತು. ಹಳೆ ಪ್ರಸ್ತಾವನೆ ನಕಲು ಮಾಡಿ ಹೊಸದು ಬರೆಯುವವರು ಈ ಸಾಲನ್ನು ಮರೆಯದೆ ತಿದ್ದಿ.

ಯುಸಿ, ಅಂದರೆ ಬಂದ ದುಡ್ಡು ಹೇಗೆ ಖರ್ಚಾಯಿತು ಅಂತ ತೋರಿಸುವ ಬಳಕೆ ಪ್ರಮಾಣಪತ್ರದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅದು ಹೋಗದೆ ಮುಂದಿನ ಕಂತು ಬರೋದಿಲ್ಲ, ಕಂತು ತಡವಾದರೆ ಬಿತ್ತನೆಯ ಹೊತ್ತಿಗೆ ದುಡ್ಡಿರೋದಿಲ್ಲ. ಹಾಗಾಗಿ ಯುಸಿ ಏಪ್ರಿಲ್ ಕೆಲಸ, ಆಗಸ್ಟ್ ಕೆಲಸ ಅಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ಬೇರೆ ಒಂದು ಘಟನೆ. ಲ್ಯಾಬಿನ ಮೈನಸ್ 80 ಡಿಗ್ರಿ ಫ್ರೀಜರಿನ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ, ಮಾರ್ಚ್‌ಗೆ ಮುಗಿದಿತ್ತು. ನವೀಕರಣದ ಕಡತಕ್ಕೆ "ಸುಸ್ಥಿತಿಯಲ್ಲಿರುವ ಯಂತ್ರಕ್ಕೆ ಈ ವೆಚ್ಚ ಏಕೆ?" ಅಂತ ಟಿಪ್ಪಣಿ ಬಿತ್ತು, ಉತ್ತರ ಬರೆಯೋದನ್ನು ನಾನು ಮುಂದೂಡಿದೆ. ಮೇ ತಿಂಗಳ ಒಂದು ಭಾನುವಾರ, ಹೊರಗೆ 41 ಡಿಗ್ರಿ ಬಿಸಿಲು, ಕಂಪ್ರೆಸರ್ ನಿಂತಿತು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಎರಡು ಹಿಂಗಾರಿನಲ್ಲಿ ಕೂಡಿಟ್ಟ ಎಲೆ ಮಾದರಿಗಳು ಕರಗಿ ನೀರಾಗಿದ್ದವು. ಆ ಮಾದರಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಅಳಲಿಲ್ಲ, ಸುಮ್ನೆ ಒಂದೊಂದೇ ಟ್ಯೂಬಿನ ನಂಬರ್ ಬರೆದುಕೊಳ್ಳುತ್ತಾ ನಿಂತಿದ್ದಳು. ನಾನು ಬರೆಯದೆ ಬಿಟ್ಟಿದ್ದ ಉತ್ತರ ನಾಲ್ಕು ಸಾಲಿನದು.

ಈಗ ಎಎಂಸಿ ಮುಗಿಯುವ ತಾರೀಖುಗಳೂ ಗೋಡೆಗೆ ಅಂಟಿಸಿದ ಆ ದೊಡ್ಡ ಹಾಳೆಯಲ್ಲೇ ಇವೆ, ಮೂರು ತಿಂಗಳು ಮುಂಚಿನ ಗುರುತಿನೊಂದಿಗೆ. ಫ್ರೀಜರಿಗೆ ಅಲಾರಂ ಹಾಕಿಸಿದ್ದೇವೆ, ಉಷ್ಣತೆ ಏರಿದರೆ ಮೂವರ ಫೋನಿಗೆ ಕರೆ ಹೋಗುತ್ತದೆ, ಅದರಲ್ಲಿ ನನ್ನದೂ ಒಂದು. ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ಯಾವ ತಿಂಗಳವರೆಗೆ ಜಮಾ ಆಗಿದೆ ಅನ್ನೋದನ್ನೂ ಅದೇ ಹಾಳೆಯ ಕೆಳಗೆ ಬರೆಯುತ್ತೇವೆ, ಎಲ್ಲರಿಗೂ ಕಾಣುವ ಹಾಗೆ. 2023ರಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಕೇಳೋಕೆ ಚೆನ್ನಾಗಿದೆ, ಆದರೆ ನಾಲ್ಕು ತಿಂಗಳು ಬರದಿದ್ದರೆ ರೂಮಿನ ಬಾಡಿಗೆ ಕಟ್ಟೋಕೆ ಊರಿನಲ್ಲಿರುವ ಅಪ್ಪನ ಹತ್ತಿರ ಕೈಚಾಚಬೇಕು. ಈ ತಿಂಗಳು ಆ ಸಾಲಿನಲ್ಲಿ ಇಬ್ಬರ ಹೆಸರಿನ ಮುಂದೆ ಇನ್ನೂ ಖಾಲಿ ಇದೆ. ಸೋಮವಾರ ಮೊದಲು ಅದನ್ನೇ ಹಿಡಿಯಬೇಕು.