‘ಎರಡು ಸಾಲು ಬದಲಾಯಿಸಿದೆ’ ಅಂತಾಳೆ ಮಗಳು. ಅದಕ್ಕೆ ಇಡೀ ದಿನ ಬೇಕಾ?

ಪ್ರಶ್ನೆ: ನಮ್ಮ ಮಗಳು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಕನ್ನಡ ಶಾಲೆಯಲ್ಲಿ ಓದಿದವಳು. ಬೆಂಗಳೂರಿನ ದೊಡ್ಡ ಟೆಕ್ ಕಂಪನಿಯೊಂದಕ್ಕೆ ಸೇರಿ 8 ತಿಂಗಳಾಯಿತು. ಫೋನ್ ಮಾಡಿದರೆ ‘ಮೀಟಿಂಗಿನಲ್ಲಿದ್ದೇನೆ’ ಅಥವಾ ‘ಈ ವಾರ ಆನ್-ಕಾಲ್’ ಅಂತಾಳೆ. ಇವತ್ತೇನು ಕೆಲಸ ಮಾಡಿದೆ ಅಂದರೆ ‘ಎರಡು ಸಾಲು ಬದಲಾಯಿಸಿದೆ’ ಅನ್ನುವ ಉತ್ತರ. ಒಳಗೆ ನಿಜಕ್ಕೂ ಏನು ನಡೆಯುತ್ತದೆ?

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಹೇಳಿದ್ದಾಳೆ. ಅಂಥದೇ ಒಂದು ಕಂಪನಿಯಲ್ಲಿ 9 ವರ್ಷ ದುಡಿದು, ಈಗ ಬದಿಯಡ್ಕದ ಮನೆಯಿಂದಲೇ ಕೆಲಸ ಮಾಡುತ್ತಿರುವ ನನ್ನನ್ನು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಜನ ಕೇಳುವುದೂ ಇದನ್ನೇ.

ನಮ್ಮ ಕಡೆಯ ಸುರಂಗ ನೆನಪು ಮಾಡಿಕೊಳ್ಳಿ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದದ್ದು ಅಜ್ಜನ ಕಾಲದವರು. ಅವರು ಈಗಿಲ್ಲ. ನೀರು ಮಾತ್ರ ಇವತ್ತಿಗೂ ಬರುತ್ತಿದೆ. ನೀರು ಕಡಿಮೆಯಾಯಿತು ಅಂತ ಯಾರೂ ಏಕಾಏಕಿ ಪಿಕ್ಕಾಸು ಹಿಡಿದು ಒಳಗೆ ನುಗ್ಗುವುದಿಲ್ಲ. ದೀಪ ಹಿಡಿದು ಹೋಗಿ ಒರತೆ ಎಲ್ಲಿದೆ, ಮಣ್ಣು ಎಲ್ಲಿ ಸಡಿಲ ಆಗಿದೆ ಅಂತ ಮೊದಲು ನೋಡಬೇಕು. ದೊಡ್ಡ ಕಂಪನಿಯ ಸಾಫ್ಟ್‌ವೇರ್ ಕೂಡ ಹಾಗೆಯೇ, ಬೇರೆಯವರು ಎಷ್ಟೋ ವರ್ಷ ಕೊರೆದದ್ದು. ಬರೆದವರಲ್ಲಿ ಎಷ್ಟೋ ಜನ ಕೆಲಸ ಬಿಟ್ಟು ಹೋಗಿರುತ್ತಾರೆ. ಎಷ್ಟು ದೊಡ್ಡದು ಅಂತೀರಾ? ಗೂಗಲ್‌ನ ಎಂಜಿನಿಯರುಗಳೇ 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, 2015ರ ಹೊತ್ತಿಗೆ ಅವರ ಒಂದೇ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲು ಕೋಡ್, ಅಂದರೆ ಕಂಪ್ಯೂಟರಿಗೆ ಬರೆದ ಸೂಚನೆ, ಇತ್ತು. ಕೆಲಸದ ದಿನಗಳಲ್ಲಿ ಎಂಜಿನಿಯರುಗಳು ದಿನಕ್ಕೆ ಸುಮಾರು 16,000 ಬದಲಾವಣೆ ಮಾಡುತ್ತಿದ್ದರು. ಅಂಥ ಜಾಗದಲ್ಲಿ ಎರಡು ಸಾಲು ಎಲ್ಲಿ ಬದಲಾಗಬೇಕು ಅಂತ ಹುಡುಕುವುದಕ್ಕೇ ಕೆಲವೊಮ್ಮೆ ಮೂರು ದಿನ ಹಿಡಿಯುತ್ತದೆ. ಓದುವುದು, ಕೇಳುವುದು, ಬರೆದು ತೋರಿಸುವುದು. ದಿನದ ಬಹುಪಾಲು ಇದರಲ್ಲೇ ಹೋಗುತ್ತದೆ.

ಹುಡುಕಿ ಬದಲಾಯಿಸಿದ ಮೇಲೂ ಅದು ನೇರ ಒಳಗೆ ಹೋಗುವುದಿಲ್ಲ. ಇನ್ನೊಬ್ಬರು ಓದಿ ಒಪ್ಪಬೇಕು. ಇದಕ್ಕೆ ರಿವ್ಯೂ ಅನ್ನುತ್ತಾರೆ. ನನ್ನ ಮೊದಲ ಬದಲಾವಣೆ ನಾಲ್ಕು ಸಾಲಿನದು. ಅದಕ್ಕೆ ಹನ್ನೊಂದು ಟಿಪ್ಪಣಿ ಬಂದವು. ‘ಈ ಹೆಸರು ಯಾಕೆ?’ ‘ಇದು ಖಾಲಿ ಬಂದರೆ ಏನಾಗುತ್ತದೆ?’ ‘ಟೆಸ್ಟ್ ಎಲ್ಲಿ?’ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ನೋಡಿದರೆ, ನಮ್ಮ ಗುಂಪಿನ ಅತಿ ಹಿರಿಯರ ಬದಲಾವಣೆಗೆ ಹದಿನಾಲ್ಕು ಟಿಪ್ಪಣಿ. ಅವರು ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಬರೆಯುತ್ತಾ ಕೂತಿದ್ದರು.

ಅದೇ ವರ್ಷ ನನ್ನಿಂದ ಒಂದು ತಪ್ಪಾಯಿತು. ಒಂದು ಸೇವೆ ಇನ್ನೊಂದರ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಸಂಖ್ಯೆ ಅದು. ಸೆಕೆಂಡ್ ಅಂದುಕೊಂಡು 30 ಅಂತ ಬರೆದೆ. ಅಲ್ಲಿ ಲೆಕ್ಕ ಇದ್ದದ್ದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ರಿವ್ಯೂ ಮಾಡಿದವರ ಕಣ್ಣಿಗೂ ಬೀಳಲಿಲ್ಲ. ಇಪ್ಪತ್ತು ನಿಮಿಷ ಸಾವಿರಾರು ಜನರಿಗೆ ಪುಟ ತೆರೆಯಲೇ ಇಲ್ಲ. ಕೆಲಸ ಹೋಯಿತು ಅಂತಲೇ ನಾನು ತಿಳಿದುಕೊಂಡೆ. ಆದರೆ ಮರುದಿನ ತಯಾರಾದ ವರದಿಯಲ್ಲಿ ನನ್ನ ಹೆಸರೇ ಇರಲಿಲ್ಲ. ‘ಒಂದು ಬದಲಾವಣೆಯಿಂದ’ ಅಂತಷ್ಟೇ ಇತ್ತು. ಇಂಥ ತಪ್ಪನ್ನು ನಮ್ಮ ವ್ಯವಸ್ಥೆ ಒಳಗೆ ಹೇಗೆ ಬಿಟ್ಟಿತು ಅನ್ನುವುದರ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ಕೊನೆಗೆ ಆ ಸಂಖ್ಯೆಯ ಹೆಸರಿಗೇ ‘ಮಿಲಿಸೆಕೆಂಡ್’ ಅಂತ ಸೇರಿಸಿದರು, ತೀರಾ ಸಣ್ಣ ಸಂಖ್ಯೆ ಕೊಟ್ಟರೆ ಒಪ್ಪದ ಹಾಗೆ ಮಾಡಿದರು. ಈ ಪದ್ಧತಿ ನನಗೆ ತುಂಬಾ ದೊಡ್ಡದು ಅನಿಸುತ್ತದೆ. ತಪ್ಪಿಗೆ ಬೆತ್ತದ ಏಟು ತಿಂದು ಬೆಳೆದವರು ನಾವು, ಅಲ್ವಾ?

ಇದು ದೊಡ್ಡವರಿಗೂ ಆಗುತ್ತದೆ. 2017ರ ಫೆಬ್ರವರಿ 28ರಂದು ಬೇರೆ ಕಂಪನಿಗಳ ಮಾಹಿತಿಯನ್ನು ಇಟ್ಟುಕೊಳ್ಳುವ ಅಮೆಜಾನ್‌ನ ಎಸ್3 ಸೇವೆ ಅಮೆರಿಕದ ಒಂದು ಭಾಗದಲ್ಲಿ ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಕೆಟ್ಟಿತ್ತು. ಅದನ್ನು ನಂಬಿದ್ದ ಎಷ್ಟೋ ವೆಬ್‌ಸೈಟುಗಳೂ ನಿಂತವು. ಕೆಲವೇ ಸರ್ವರುಗಳನ್ನು ತೆಗೆಯಬೇಕಾದ ಕಡೆ, ಕಂಪ್ಯೂಟರಿಗೆ ಕೊಟ್ಟ ಆದೇಶ ತಪ್ಪಾಗಿ ಟೈಪ್ ಆಗಿ ತುಂಬಾ ಸರ್ವರುಗಳು ಹೋಗಿಬಿಟ್ಟಿದ್ದವು. ಕಂಪನಿ ಬಹಿರಂಗವಾಗಿ ಹಾಕಿದ ವಿವರಣೆಯಲ್ಲಿ ಟೈಪ್ ಮಾಡಿದವರ ಹೆಸರಿಲ್ಲ. ಒಂದೇ ಸಲಕ್ಕೆ ಅಷ್ಟನ್ನು ತೆಗೆಯಲು ಬಿಡದ ಹಾಗೆ ಆ ಸಾಧನವನ್ನು ತಿದ್ದಿದ್ದೇವೆ ಅಂತ ಇದೆ. ಹಾಗಂತ ಎಲ್ಲ ಕಡೆ, ಎಲ್ಲ ಮ್ಯಾನೇಜರೂ ಇಷ್ಟು ಒಳ್ಳೆಯವರು ಅಂತ ನಾನು ಹೇಳಲಾರೆ. ಒಂದೇ ಕಂಪನಿಯ ಎರಡು ಗುಂಪುಗಳ ನಡುವೆ ಅಜಗಜಾಂತರ ಇರುತ್ತದೆ.

ಇನ್ನು ಮೀಟಿಂಗ್. ಜಾಸ್ತಿಯೇ ಇರುತ್ತವೆ, ಕೆಲವು ಸುಮ್ನೆ ಹೊತ್ತು ಕಳೆಯುವುದಕ್ಕೆ. ಆದರೆ ಎಲ್ಲ ಕಡೆ ಬಾಯಿಜೋರು ಇದ್ದವರದೇ ನಡೆಯುತ್ತದೆ ಅಂತಲ್ಲ. ಅಮೆಜಾನ್‌ನಲ್ಲಿ ಆರು ಪುಟದ ಬರಹ ತಂದು, ಮೊದಲು ಎಲ್ಲರೂ ಮೌನವಾಗಿ ಓದಿ, ಆಮೇಲೆ ಮಾತಾಡುವ ಕ್ರಮ ಇದೆ. ಇಂಗ್ಲಿಷ್ ಬಾಯಿಗೆ ಬರಲು ತಡವರಿಸುವ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಇಂಥ ಕ್ರಮ ಒಳ್ಳೆಯದು. ಬರೆಯುವಾಗ ಯೋಚಿಸಲು, ತಿದ್ದಲು ಪುರುಸೊತ್ತು ಸಿಗುತ್ತದೆ. ಅಲ್ಲದೆ ಅಂಗಡಿಯಲ್ಲಿ ತುಳು, ಪಂಚಾಯತಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಅಂತ ಬೆಳೆದವರು ಅವರು. ಅರ್ಧ ಗೊತ್ತಿರುವ ಭಾಷೆಯಲ್ಲೂ ಕೆಲಸ ಸಾಧಿಸಿಕೊಂಡು ಬರುವುದು ಅವರಿಗೆ ಹೊಸದಲ್ಲ. ಗೊತ್ತಿಲ್ಲದ್ದನ್ನು ಕೇಳುವ ಸಂಕೋಚ ಒಂದು ಬಿಡಬೇಕು. ನಾನು ಅದಕ್ಕೆ ಎರಡು ವರ್ಷ ತೆಗೆದುಕೊಂಡೆ, ಅಷ್ಟು ಬೇಕಿರಲಿಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. ಊರಲ್ಲಿ ಹಬ್ಬುವ ‘ಪ್ಯಾಕೇಜ್’ ಕೈಗೆ ಬರುವ ಸಂಬಳ ಅಲ್ಲ. ಅದರಲ್ಲಿ ಷೇರು, ಬೋನಸ್ಸು, ಪಿಎಫ್ ಎಲ್ಲ ಸೇರಿರುತ್ತದೆ. ಷೇರು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿ ಕೊಡುತ್ತಾರೆ, ಬೆಲೆ ಏರುತ್ತದೆ, ಇಳಿಯುತ್ತದೆ. ಕೆಲಸವೂ ಶಾಶ್ವತ ಅಲ್ಲ. 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು, ಮೈಕ್ರೋಸಾಫ್ಟ್ 10,000 ಜನರನ್ನು ತೆಗೆಯುವುದಾಗಿ ಹೇಳಿದವು. ಚೆನ್ನಾಗಿ ಕೆಲಸ ಮಾಡುವವರೂ ಆಗ ಹೋದರು. ಪ್ಯಾಕೇಜ್ ನಂಬಿ ದೊಡ್ಡ ಸಾಲ ಎತ್ತಬೇಡಿ ಅಂತ ಮಾತ್ರ ಹೇಳುತ್ತೇನೆ.

ಆನ್-ಕಾಲ್ ಅಂದರೆ ಪಾಳಿ. ಆ ವಾರ ರಾತ್ರಿ ಎರಡು ಗಂಟೆಗೆ ಏನು ಕೆಟ್ಟರೂ ಫೋನ್ ಅವಳಿಗೇ ಬರುತ್ತದೆ. ಐದೋ ಹತ್ತೋ ನಿಮಿಷದೊಳಗೆ ‘ನಾನು ನೋಡುತ್ತಿದ್ದೇನೆ’ ಅಂತ ಒತ್ತಬೇಕು. ಆಟಿಯ ಮಳೆಯಲ್ಲಿ ಒಮ್ಮೆ ನನಗೆ ಹಾಗೆ ಬಂತು. ಕರೆಂಟಿಲ್ಲ, ಒಳಗೆ ನೆಟ್‌ವರ್ಕಿಲ್ಲ. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ಸುತ್ತಿಕೊಂಡು ಅಂಗಳ ದಾಟಿ ಕೊಟ್ಟಿಗೆಯ ಮೂಲೆಗೆ ಹೋದೆ. ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಅಪ್ಪ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತರು. ಏನಾಗಿದೆ ಅಂತ ಒಂದು ಮಾತೂ ಕೇಳಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ‘ಸರಿಯಾಯ್ತಾ?’ ಅಂದರು, ಅಷ್ಟೇ.

ಮುಂದಿನ ಸಲ ಮಗಳು ಊರಿಗೆ ಬರುವಾಗ ಆನ್-ಕಾಲ್ ವಾರವಾ ಅಂತ ಕೇಳಿಕೊಳ್ಳಿ. ಹೌದಾದರೆ ಇನ್ವರ್ಟರ್ ಬ್ಯಾಟರಿಯ ನೀರು ನೋಡಿಡಿ. ಬೇರೆ ಕಂಪನಿಯ ಸಿಮ್ ಇನ್ನೊಂದು ಇರಲಿ. ಮತ್ತೆ, ಯಾವ ಎರಡು ಸಾಲು, ಯಾಕೆ ಬದಲಾಯಿಸಿದೆ ಅಂತ ಒಮ್ಮೆ ಪುರುಸೊತ್ತಿನಲ್ಲಿ ಕೇಳಿ ನೋಡಿ. ಅವಳು ಒಂದು ಗಂಟೆ ಮಾತಾಡುತ್ತಾಳೆ.