ಕಟ್ಟೆ ತುಂಬಿಸುವ ಮಳೆ, ಹೊಲ ನೆನೆಸುವ ಮಳೆ

ಮಂಡ್ಯದ ಹಳ್ಳಿಯಲ್ಲಿ ಹವಾಮಾನದ ಸಭೆ ಕರೆದರೆ ಮೊದಲು ಕೇಳಿಬರುವುದು ಭೂಮಿ ಬಿಸಿಯಾಗುವ ಮಾತಲ್ಲ, ‘ಈ ಸಲ ಕಟ್ಟೆ ತುಂಬುತ್ತಾ?’ ಎಂಬ ಪ್ರಶ್ನೆ. ರೈತರಿಗೆ ಹವಾಮಾನ ತಿಳಿಸಲು ಬಂದ ವಿಜ್ಞಾನಿ ಅಲ್ಲಿಂದಲೇ ಶುರುಮಾಡಬೇಕು. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್‌) ತುಂಬಿ 124.80 ಅಡಿ ಮುಟ್ಟುವುದು ಕೊಡಗು ಮತ್ತು ಹೇಮಾವತಿ ಸೀಮೆಯ ಮಲೆನಾಡಿನ ಮುಂಗಾರಿನಿಂದ. ಮಂಡ್ಯದ ಹೊಲಕ್ಕೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ. ‘ಮುಂಗಾರು ವಾಡಿಕೆಯಷ್ಟು’ ಎಂದರೆ ದೇಶದ ನಾಲ್ಕು ತಿಂಗಳ ಸರಾಸರಿ 87 ಸೆಂ.ಮೀ.ನ ಶೇ 96ರಿಂದ 104. ನಾಲೆ ಬಯಲಿನ ಭತ್ತಕ್ಕಾಗಲಿ ನಾಗಮಂಗಲದ ರಾಗಿಗಾಗಲಿ ಅದರಿಂದ ಏನೂ ತಿಳಿಯದು.

30 ವರ್ಷದ ಮಳೆ ಲೆಕ್ಕವನ್ನು ತಿಂಗಳವಾರು ಬಿಟ್ಟು ನಕ್ಷತ್ರವಾರು ಜೋಡಿಸಿಕೊಂಡು ಹೋಗಿ. ಒಂದು ನಕ್ಷತ್ರಕ್ಕೆ 13–14 ದಿನ. ಉತ್ತರೆ, ಹಸ್ತ, ಚಿತ್ತೆ ಎಷ್ಟು ವರ್ಷ ಕೈಕೊಟ್ಟವು ಎಂದು ಗೋಡೆಗೆ ಹಾಕಿದರೆ ಹಿರಿಯರು ತಾವೇ ಇಸವಿ ಹೇಳಿ ತಾಳೆ ನೋಡುತ್ತಾರೆ. ಆದರೆ ಹತ್ತು ಹದಿನೈದು ವರ್ಷದ ಏರಿಳಿತವನ್ನೇ ಹವಾಮಾನ ಬದಲಾವಣೆ ಎಂದು ಸಾರಬಾರದು. ಮಿಲಿಮೀಟರನ್ನೂ ಹಾಗೇ ಬಿಡಬೇಡಿ: 25 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್‌ ನೀರು.

ಹೆಚ್ಚು ಎಡವಟ್ಟಾಗುವುದು ‘ಶೇ 60 ಸಾಧ್ಯತೆ’ಯಲ್ಲಿ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಳೆ ಎಂದು ಕೆಲವರು, ನೂರರಲ್ಲಿ ಅರವತ್ತು ಊರಿಗೆ ಮಳೆ ಎಂದು ಕೆಲವರು ತಿಳಿಯುತ್ತಾರೆ. ಇಂಥದೇ ಮುನ್ಸೂಚನೆ ಕೊಟ್ಟ 10 ದಿನದಲ್ಲಿ ಸುಮಾರು 6 ದಿನ ಮಳೆಯಾಗುತ್ತದೆ, 4 ದಿನ ಆಗುವುದಿಲ್ಲ ಎನ್ನಿ. ತಕ್ಷಣ ಕೆಲಸಕ್ಕೆ ಗಂಟುಹಾಕಿ. ಔಷಧಿ ಸಿಂಪಡಣೆ ಒಂದು ದಿನ ಮುಂದೆ ಹೋದರೆ ಹೆಚ್ಚು ನಷ್ಟವಿಲ್ಲ, ತೊಳೆದುಹೋದರೆ ದುಡ್ಡು ಹೋಯಿತು. ಕೊಯ್ದ ಭತ್ತ ಗದ್ದೆಯಲ್ಲಿದ್ದರೆ ಶೇ 30 ಸಾಧ್ಯತೆಗೇ ಟಾರ್ಪಾಲು ಹೊಂದಿಸಿಕೊಳ್ಳಬೇಕು. ಮಂಗಳವಾರ, ಶುಕ್ರವಾರದ ಕೃಷಿ ಹವಾಮಾನ ಸಲಹೆಯನ್ನು ಓದುವ ಮುನ್ನ ಹಿಂದಿನದು ಎಲ್ಲಿ ತಪ್ಪಿತೆಂದು ಹೇಳಿ. ನಂಬಿಕೆ ಬೆಳೆಯುವುದು ಹಾಗೆ.

ಕೆರೆ ಏರಿ ಒಡೆದಾಗ ‘ಇದೆಲ್ಲ ಹವಾಮಾನ ಬದಲಾವಣೆಯೇ?’ ಎಂದು ಕೇಳುತ್ತಾರೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್‌ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಜೋರು ಮಳೆ ಇನ್ನಷ್ಟು ಜೋರಾಗುತ್ತದೆ. ಇಷ್ಟನ್ನು ಖಚಿತವಾಗಿ ಹೇಳಬಹುದು. ಆ ಒಂದು ರಾತ್ರಿಯ ಮಳೆಯಲ್ಲಿ ಅದರ ಪಾಲೆಷ್ಟು ಎಂಬುದಕ್ಕೆ ಪ್ರತ್ಯೇಕ ಲೆಕ್ಕ ಬೇಕು. ಕೋಡಿಯಲ್ಲಿ ಹೂಳು ತುಂಬಿದ್ದರೆ, ರಾಜಕಾಲುವೆ ಒತ್ತುವರಿಯಾಗಿದ್ದರೆ, ಅದನ್ನೂ ಅದೇ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು.